ಎಡಗಾಲು ಬೇಡದ ಗಾಡಿ

ನನ್ನ ಕಾರಿಗೆ ಕ್ಲಚ್ ಇಲ್ಲ. ಇರುವುದು ಎರಡೇ ಪೆಡಲ್, ಎರಡೂ ಬಲಗಾಲಿನ ಪಾಲಿಗೆ. ಎಡಗಾಲು ಮದುವೆಮನೆಗೆ ಬಂದ ದೂರದ ನೆಂಟನ ಹಾಗೆ ಸುಮ್ಮನೆ ಕೂತಿದ್ದರೆ ಸಾಕು. ನನ್ನ ಎಡಗಾಲು ಎರಡನೇ ವಯಸ್ಸಿನಿಂದ ಹಾಗೆಯೇ ಕೂತಿದೆ. ಪೋಲಿಯೊ ಬಂದು ಹೋಯಿತು, ಕಾಲು ಉಳಿಯಿತು, ಶಕ್ತಿ ಉಳಿಯಲಿಲ್ಲ. ಆದ್ದರಿಂದ ಆಟೊಮ್ಯಾಟಿಕ್ ಗೇರ್ ನನಗೆ ಶೋಕಿಯಲ್ಲ. ಹಾಗಂತ ಪೂರ್ತಿ ಸಾಚಾ ಆಗಲೂ ಹೊರಟಿಲ್ಲ. ಸಾದಾ ಗಾಡಿಗಳೂ ಸಿಗುತ್ತಿದ್ದವು. ಟರ್ಬೊ ಇಂಜಿನ್ನಿನ, ಒತ್ತಿದರೆ ಬೆನ್ನನ್ನು ಸೀಟಿಗೆ ಅಂಟಿಸುವ ಈ ಹಳೆಯ ಬೂದುಬಣ್ಣದ ಗಾಡಿಯನ್ನೇ ಆರಿಸಿದ್ದು ಶೋಕಿಯೇ. ನಡೆಯುವಾಗ ಎಲ್ಲರಿಗಿಂತ ಹಿಂದೆ ಬಿದ್ದವಳು ನಾನು. ಓಡಿಸುವಾಗಲೂ ಹಿಂದೆ ಬೀಳುವ ಇರಾದೆ ಇರಲಿಲ್ಲ.

ನಾನಿರುವುದು ಹೊಸಪೇಟೆಯಲ್ಲಿ, ಅಣ್ಣನ ಸಂಸಾರದ ಜೊತೆ. ಕೆಲಸ ಸಂಡೂರಿನ ಗುಡ್ಡದ ಮೇಲೆ, ಅದಿರು ಪುಡಿ ಮಾಡುವ ಒಂದು ಘಟಕದಲ್ಲಿ. ಅಲ್ಲಿನ ಪಂಪುಗಳು, ಯಂತ್ರಗಳನ್ನು ತಂಪಾಗಿಡುವ ನೀರು, ಎಣ್ಣೆ ಇವೆಲ್ಲ ನನ್ನ ಸುಪರ್ದಿನಲ್ಲಿವೆ. ಬಿಸಿಯಾದದ್ದನ್ನು ತಣ್ಣಗಿಡುವುದೇ ನನ್ನ ಹೊಟ್ಟೆಪಾಡು. ಹನ್ನೊಂದು ವರ್ಷ ಅಣ್ಣ ಬೆಳಿಗ್ಗೆ ಸ್ಕೂಟರಿನಲ್ಲಿ ನನ್ನನ್ನು ಕಂಪನಿ ಬಸ್ಸಿನ ತನಕ ಬಿಟ್ಟು, ಆಮೇಲೆ ತನ್ನ ತಾಲೂಕು ಕಚೇರಿಗೆ ಹೋಗುತ್ತಿದ್ದ. ಸಂಜೆ ಅದೇ ಜಾಗದಲ್ಲಿ ಕಾಯುತ್ತಿದ್ದ. ಒಂದು ದಿನವೂ ಗೊಣಗಲಿಲ್ಲ. ಅವನು ಗೊಣಗದೇ ಇದ್ದದ್ದೇ ನನಗೆ ತಡೆಯದಾಯಿತು. ಗೊಣಗಿದ್ದರೆ ಜಗಳವಾದರೂ ಆಡಬಹುದಿತ್ತು.

ಕಾರು ತಂದ ದಿನ ಅವನು ಅದನ್ನು ಒಂದು ಸುತ್ತು ಹಾಕಿ ನೋಡಿ, ಇದು ಎಂದಾದರೂ ಘಾಟಿಯಲ್ಲಿ ಕೈಕೊಟ್ಟರೆ ನೀನು ಇಳಿದು ಎಷ್ಟು ದೂರ ನಡೆಯುತ್ತೀ ಎಂದು ಕೇಳಿದ. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕೈಕೊಟ್ಟರೆ ಮಾರಿಬಿಡುತ್ತೇನೆ, ಮತ್ತೆ ನಿನ್ನ ಸ್ಕೂಟರಿಗೇ ಬರುತ್ತೇನೆ ಎಂದು ಬಾಯಿ ಬಿಟ್ಟೆ. ಸಿಟ್ಟಿನಲ್ಲಿ ಕೊಟ್ಟ ಮಾತು. ಅವನು ಅದನ್ನು ಕಚೇರಿಯ ಕಡತದ ಹಾಗೆ ಜೋಪಾನವಾಗಿ ಇಟ್ಟುಕೊಂಡ.

ಎರಡು ವರ್ಷ ಏನೂ ಆಗಲಿಲ್ಲ. ಆ ಎರಡು ವರ್ಷ ನಾನು ಎಷ್ಟು ಖುಷಿಯಾಗಿದ್ದೆ ಎಂದು ಈಗ ಹೇಳಿದರೆ ಮಕ್ಕಳಾಟ ಅನಿಸಬಹುದು. ಬೆಳಿಗ್ಗೆ ಕೀಲಿ ತಿರುಗಿಸಿದರೆ ಯಾರನ್ನೂ ಕೇಳದೆ ಹೊರಡಬಹುದಿತ್ತು. ರಜೆಯ ದಿನ ಮಲಪನಗುಡಿ ದಾಟಿ ಹಂಪಿಗೆ ಹೋಗಿ, ಇಳಿಯದೆ, ಹೊಳೆಯ ಕಡೆ ಮುಖ ಮಾಡಿ ಚಹಾ ಕುಡಿದು ಬರುತ್ತಿದ್ದೆ. ಏನು ಕೆಲಸವಿತ್ತು ಅಂತ ಮನೆಯಲ್ಲಿ ಕೇಳಿದರೆ ಏನೂ ಇರಲಿಲ್ಲ ಎನ್ನುತ್ತಿದ್ದೆ. ಹಾಗೆ ಹೇಳುವುದೇ ಒಂದು ಸುಖವಾಗಿತ್ತು.

ಮೂರನೇ ಬೇಸಿಗೆಯಲ್ಲಿ ಗಣಿಯಿಂದ ಲಾರಿಗಳ ಓಡಾಟ ಒಮ್ಮೆಲೇ ಹೆಚ್ಚಿತು. ಸಂಜೆ ಸಂಡೂರಿನಿಂದ ವಾಪಸು ಬರುವಾಗ ಘಾಟಿಯ ಏರಿನಲ್ಲಿ ಲೋಡ್ ಲಾರಿಗಳ ಸಾಲು. ಹತ್ತು ಮಾರು ಹೋಗುವುದು, ನಿಲ್ಲುವುದು, ಮತ್ತೆ ಹತ್ತು ಮಾರು. ಹೊರಗೆ ಕೆಂಪು ಧೂಳು, ಬೆಂಕಿಯಂಥ ಗಾಳಿ. ಹಾಗೊಂದು ಸಂಜೆ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಚ್ಚರಿಕೆ ಹತ್ತಿತು, ಗೇರ್‌ಬಾಕ್ಸ್ ಕಾದಿದೆ ಎಂದು. ಬದಿಗೆ ಹಾಕಿ, ಮುಕ್ಕಾಲು ಗಂಟೆ ಆರಿಸಿಕೊಂಡು ಮನೆಗೆ ಬಂದೆ. ತಡವಾದದ್ದಕ್ಕೆ ಮೀಟಿಂಗ್ ಇತ್ತು ಎಂದು ಅಣ್ಣನಿಗೆ ಸುಳ್ಳು ಹೇಳಿದೆ.

ಹೊಸಪೇಟೆಯ ಹೊರಗೆ, ಕಾಲುವೆ ಪಕ್ಕ, ಒಬ್ಬ ಮೆಕ್ಯಾನಿಕ್ಕರ ಶೆಡ್ ಇದೆ. ಅವರು ಕಂಪ್ಲಿಯವರು, ನನಗಿಂತ ಹತ್ತು ವರ್ಷ ದೊಡ್ಡವರು. ಇಪ್ಪತ್ತು ವರ್ಷ ಭತ್ತ ಕೊಯ್ಯುವ ದೊಡ್ಡ ಯಂತ್ರಗಳನ್ನು ರಿಪೇರಿ ಮಾಡಿ ಆಮೇಲೆ ಕಾರುಗಳಿಗೆ ಇಳಿದವರು. ಎಣ್ಣೆಯ ಒತ್ತಡದಿಂದ ನಡೆಯುವ ಗೇರು ಅವರಿಗೆ ಹೊಸದಲ್ಲ. ಅವರು ಗೇರ್‌ಬಾಕ್ಸಿನಿಂದ ಎರಡು ಹನಿ ಎಣ್ಣೆಯನ್ನು ಹಳೆಯ ದಿನಪತ್ರಿಕೆಯ ಅಂಚಿನ ಖಾಲಿ ಜಾಗಕ್ಕೆ ಬಿಟ್ಟು, ಅದು ಹರಡಿ ಉಂಗುರವಾಗುವ ತನಕ ಕಾದು ನೋಡಿದರು. ಈ ಎಣ್ಣೆ ಹೊಸದಿದ್ದಾಗ ಕಲ್ಲಂಗಡಿ ರಸದ ಹಾಗೆ ಕೆಂಪಗಿರುತ್ತದೆ. ನನ್ನದು ಚಹಾದ ಬಣ್ಣಕ್ಕೆ ತಿರುಗಿತ್ತು. ಮೂಸಿ ನೋಡಿ ಕಾಗದವನ್ನು ನನ್ನ ಕಡೆಗೂ ಹಿಡಿದರು.

"ಮಿರ್ಚಿ ಬಂಡಿಯವ ಮೂರು ದಿನ ಕಾಸಿದ ಎಣ್ಣಿ ಇದ್ದಂಗ ಐತ್ರಿ ಇದು," ಅಂದರು.

ಎಣ್ಣೆ ಪೂರ್ತಿ ಬದಲಾಯಿಸಿದರು. ರೇಡಿಯೇಟರಿನ ಮುಂದೆ ಗೇರಿನ ಎಣ್ಣೆಗೆಂದೇ ಇನ್ನೊಂದು ಪುಟ್ಟ ಕೂಲರ್ ಕೂಡಿಸಿ, ಅದರ ಬೆನ್ನಿಗೆ ಒಂದು ಫ್ಯಾನು ಕಟ್ಟಿದರು. ಅವರು ಪೈಪು ಬಾಗಿಸುವಾಗ ನಾನು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಬಂದ ಎಣ್ಣೆ ಮೊದಲು ಎಲ್ಲಿಗೆ ಹೋಗಬೇಕು, ಆಮೇಲೆ ಎಲ್ಲಿಗೆ ಎಂದು ಸಲಹೆ ಕೊಡುತ್ತಲೇ ಇದ್ದೆ. ಅವರು ಹೂಂ ಎನ್ನುತ್ತ ತಮಗೆ ತಿಳಿದಂತೆ ಮಾಡಿದರು. ಗೇರಿನ ಎಣ್ಣೆಯ ಕಾವನ್ನು ಫೋನಿನಲ್ಲಿ ತೋರಿಸುವ ಚಿಕ್ಕ ಯಂತ್ರವೊಂದನ್ನೂ ನಾನೇ ತರಿಸಿ ಸಿಕ್ಕಿಸಿಕೊಂಡೆ.

ಮರುದಿನ ಕಂಪ್ಲಿಯ ತನಕ ಹೋಗಿ ಪರೀಕ್ಷೆ ಮಾಡಿದೆ. ಎರಡೂ ಕಡೆ ಭತ್ತದ ಗದ್ದೆ, ಕಬ್ಬಿನ ಟ್ರ್ಯಾಕ್ಟರುಗಳು, ಸಮತಟ್ಟಾದ ದಾರಿ. ಕಾವು ಎಂಬತ್ತೈದು ಡಿಗ್ರಿ ದಾಟಲಿಲ್ಲ. ಜಾಗ ಸಿಕ್ಕಲ್ಲಿ ಚೆನ್ನಾಗಿ ಒತ್ತಿದೆ, ಆಗಲೂ ಏರಲಿಲ್ಲ. ಹಂಪಿಗೆ ಹೋಗಿ ಬಂದರೂ ಅದೇ ಲೆಕ್ಕ. ಗೆದ್ದೆ ಅಂದುಕೊಂಡೆ. ಸೋಮವಾರ ಸಂಜೆ ಘಾಟಿಯ ಸಾಲಿನಲ್ಲಿ ನಿಂತಾಗ ನೂರಾಯಿತು, ನೂರಹತ್ತಾಯಿತು, ನೋಡನೋಡುತ್ತ ನೂರಿಪ್ಪತ್ತೈದಕ್ಕೆ ಬಂದು ಹಳದಿ ದೀಪ ಮತ್ತೆ ಹತ್ತಿತು.

ಆಮೇಲಿನ ಒಂದು ತಿಂಗಳು ನಾನು ಸುಮ್ಮನೆ ಕೂರಲಿಲ್ಲ. ಕೂಲರಿನ ಸಂದುಗಳಲ್ಲಿ ಅದಿರಿನ ಧೂಳು ಕೂತಿದೆ ಎಂದು ದಿನಾ ಬೆಳಿಗ್ಗೆ ನೀರು ಹೊಡೆದೆ. ಧೂಳು ತಡೆಯಲು ಜಾಲರಿ ಹಾಕಿಸಿದೆ. ಜಾಲರಿ ಗಾಳಿಯನ್ನೂ ತಡೆಯುತ್ತದೆ ಎಂದು ಹೊಳೆದು ತೆಗೆಸಿದೆ. ದೊಡ್ಡ ಕೂಲರ್ ಬೇಕೆಂದೆ, ಅದನ್ನೂ ಹಾಕಿದರು. ದೊಡ್ಡ ಫ್ಯಾನು ಬಂತು. ಪ್ರತಿ ಸಲವೂ ಘಾಟಿಯಲ್ಲಿ ಅದೇ ಹಾಡು. ನಿಜ ಹೇಳಬೇಕೆಂದರೆ, ನನ್ನ ಹೊಟ್ಟೆಪಾಡಿನ ವಿದ್ಯೆಯೇ ನನ್ನ ಮುಂದೆ ನಿಂತು ಹಲ್ಲು ಕಿರಿಯುತ್ತಿತ್ತು, ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಉರಿಯನ್ನೆಲ್ಲ ಮೆಕ್ಯಾನಿಕ್ಕರ ಮೇಲೆ ಕಾರಿದೆ. ಹಾರ್ವೆಸ್ಟರ್ ಬಿಟ್ಟರೆ ನಿಮಗೆ ಬೇರೇನೂ ಗೊತ್ತಿಲ್ಲ ಎಂದುಬಿಟ್ಟೆ, ಅದೂ ಅವರ ಇನ್ನಿಬ್ಬರು ಗಿರಾಕಿಗಳ ಎದುರಿಗೆ. ಅವರು ಕೈ ಒರೆಸಿಕೊಂಡರು.

"ಒಂದ್ಸಲ ನಿಮ್ಮ ಬಾಜೂಕ ಕುಂತು ಘಾಟಿಗೆ ಬರ್ತೀನ್ರಿ," ಅಂದರು. "ನೀವು ಹೆಂಗ ಹೊಡೀತೀರಿ ನೋಡ್ಬೇಕು."

ಬೇಡ ಅಂದೆ. ನಾನು ಓಡಿಸುವಾಗ ಪಕ್ಕದಲ್ಲಿ ಯಾರನ್ನೂ ಕೂರಿಸಿಕೊಳ್ಳುವುದಿಲ್ಲ, ಅಣ್ಣನನ್ನೂ ಕೂರಿಸಿಕೊಂಡಿರಲಿಲ್ಲ. ಕೂತವರು ಮೊದಲು ದಾರಿ ನೋಡುತ್ತಾರೆ, ಆಮೇಲೆ ಅವರ ಕಣ್ಣು ಮೆಲ್ಲಗೆ ಕೆಳಗೆ ಇಳಿಯುತ್ತದೆ. ಇವಳು ಹೇಗೆ ಸಂಭಾಳಿಸುತ್ತಾಳೆ ಅಂತ. ಹಾಗೆ ಇಳಿಯುವ ಕಣ್ಣನ್ನು ನಾನು ಶಾಲೆಯಿಂದಲೂ ಬಲ್ಲೆ. ಸಿಟ್ಟು ಬರುತ್ತದೆ ಎಂದು ಇಷ್ಟು ದಿನ ಹೇಳಿಕೊಂಡು ಬಂದೆ. ಬರುವುದು ನಾಚಿಕೆ.

ಮೇ ತಿಂಗಳ ನಡುವೆ ಗೇರು ಜಾರತೊಡಗಿತು. ಇಂಜಿನ್ನು ಕೂಗುತ್ತದೆ, ಗಾಡಿ ಅರೆಗಳಿಗೆ ಯೋಚಿಸಿ ಆಮೇಲೆ ಹೊರಡುತ್ತದೆ. ಹೊಸ ಎಣ್ಣೆಯೂ ಚಹಾ ಆಗಿತ್ತು. ಇನ್ನು ನಾಲ್ಕು ಸಲ ಹೀಗೆ ಕಾದರೆ ಗೇರು ಹಿಡಿಯುವ ಒಳಗಿನ ಪ್ಲೇಟುಗಳು ಸುಟ್ಟುಹೋಗುತ್ತವೆ, ಆಮೇಲೆ ತಾವು ಮಾಡುವಂಥದ್ದೇನೂ ಉಳಿಯುವುದಿಲ್ಲ ಎಂದು ಮೆಕ್ಯಾನಿಕ್ಕರು ನೇರವಾಗಿ ಹೇಳಿದರು. ಹೊಸ ಗೇರ್‌ಬಾಕ್ಸ್ ನನ್ನ ಕೈಗೆಟುಕುವ ಮಾತಲ್ಲ. ಅದೇ ವಾರ ಒಂದು ಸಂಜೆ ಗಾಡಿ ಏರಿನಲ್ಲಿ ನಿಂತೇಬಿಟ್ಟಿತು, ನಾನು ಅಣ್ಣನಿಗೆ ಫೋನ್ ಮಾಡಬೇಕಾಯಿತು. ಅವನು ಸ್ಕೂಟರಿನಲ್ಲಿ ಅಷ್ಟು ದೂರ ಬಂದ. ಬೈಯಲಿಲ್ಲ. ಗಾಡಿ ಆರುವ ತನಕ ನನ್ನ ಜೊತೆ ಕಲ್ಲಿನ ಮೇಲೆ ಕೂತು, ಹಳೆಯ ಮಾತು ನೆನಪಿದೆಯಾ ಎಂದಷ್ಟೇ ಕೇಳಿದ. ನೆನಪಿದೆ ಎಂದೆ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟ ಪರಿಚಯದವರೊಬ್ಬರಿಗೆ ಹೇಳಿದ. ಅವರು ಭಾನುವಾರ ಗಾಡಿ ನೋಡಲು ಬರುವುದೆಂದಾಯಿತು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಗುರುವಾರ ಸಂಜೆ. ಇನ್ನು ಎರಡು ದಿನ ಓಡಿಸಿದರೆ ಮುಗಿಯಿತು ಎಂದುಕೊಂಡು, ನಿಧಾನವಾಗಿ ಸಂಡೂರಿನಿಂದ ಹೊರಟೆ. ಘಾಟಿಯ ಏರಿನಲ್ಲಿ ಮಾಮೂಲಿನಂತೆ ಸಾಲು. ಫೋನಿನಲ್ಲಿ ಕಾವು ನೂರೈದು. ಮುಂದೆ ಎಲ್ಲೋ ಲಾರಿಯೊಂದು ಕೆಟ್ಟಿತ್ತು, ಸಾಲು ಪೂರ್ತಿ ನಿಂತಿತು. ಯಾರೋ ಕಿಟಕಿ ತಟ್ಟಿದರು. ನನ್ನ ಹಿಂದಿದ್ದ ಲೋಡ್ ಲಾರಿಯ ಡ್ರೈವರ್. ನಡುವಯಸ್ಸಿನ ಮನುಷ್ಯ, ತಲೆಗೆ ಒದ್ದೆ ಟವೆಲು ಸುತ್ತಿಕೊಂಡಿದ್ದ. ವಡ್ಡು ಊರಿನ ಕಡೆಯವನಂತೆ, ದಿನಾ ಇದೇ ಹೊತ್ತಿಗೆ ಇದೇ ದಾರಿಯಂತೆ.

"ಅಕ್ಕಾರ, ನಿಮ್ಮ ಬ್ರೇಕ್ ಲೈಟ್ ಹೋಗ್ಯಾವ್ರಿ," ಅಂದ. "ನಾಕು ದಿನದಿಂದ ನೋಡಾಕತ್ತೀನಿ. ಏರಿನಾಗ ನಿಲ್ತೀರಿ, ಲೈಟ್ ಹತ್ತಂಗಿಲ್ಲ. ಹಿಂದ ಲೋಡ್ ಗಾಡಿ ಇರ್ತತಿ. ನೀವು ನಿಂತೀರೋ ಹೊಂಟೀರೋ ನನಗ ಗೊತ್ತಾಗಂಗಿಲ್ಲ."

ಮೊದಲೇ ತಲೆ ಕೆಟ್ಟಿತ್ತು. ಹೋದ ವಾರವಷ್ಟೇ ಎಲ್ಲ ದೀಪ ನೋಡಿಸಿದ್ದೇನೆ, ಸರಿಯಾಗಿವೆ, ನಿಮ್ಮ ಕಣ್ಣು ನೋಡಿಸಿಕೊಳ್ಳಿ ಎಂದೆ. ಆತ ಬೇಜಾರು ಮಾಡಿಕೊಳ್ಳಲಿಲ್ಲ. ನಾನು ಹಿಂದೆ ನಿಲ್ಲುತ್ತೇನೆ, ನೀವೊಮ್ಮೆ ಬ್ರೇಕ್ ಒತ್ತಿ ಎಂದು ಹೇಳಿ ಹಿಂದೆ ಹೋದ. ನಾನು ಒತ್ತಿದೆ. ಆತ ಮತ್ತೆ ಕಿಟಕಿಗೆ ಬಂದ. ಈ ಸಲ ಅವನ ಮುಖದಲ್ಲಿ ತಪ್ಪು ಮಾಡಿದವನ ಸಂಕೋಚವಿತ್ತು.

"ಹತ್ಯಾವ್ರಿ," ಅಂದ. ಸ್ವಲ್ಪ ತಡೆದು, "ಅಂದ್ರ ನೀವು ನಿಂತಾಗ ಬ್ರೇಕ್ ಒತ್ತಂಗೇ ಇಲ್ಲೇನ್ರಿ?"

ಆತ ತನ್ನ ಲಾರಿಗೆ ಹೋದ. ನಾನು ನನ್ನ ಬಲಗಾಲನ್ನು ನೋಡಿದೆ. ಅದು ಆಗಲೇ, ನನ್ನನ್ನು ಕೇಳದೆ, ಬ್ರೇಕಿನಿಂದ ಆಕ್ಸಿಲರೇಟರಿಗೆ ವಾಪಸು ಹೋಗಿತ್ತು. ಗಾಡಿ ಏರಿನಲ್ಲಿ ಅಲುಗಾಡದೆ ನಿಂತಿತ್ತು. ಬ್ರೇಕಿನ ಬಲದಿಂದಲ್ಲ, ಹದವಾಗಿ ಒತ್ತಿ ಹಿಡಿದ ಇಂಜಿನ್ನಿನ ಬಲದಿಂದ. ಎರಡು ವರ್ಷದಿಂದ ನಾನು ಏರಿನಲ್ಲಿ ನಿಲ್ಲುತ್ತಿದ್ದದ್ದೇ ಹೀಗೆ. ಒಂದು ಬೆರಳಿನಷ್ಟೂ ಹಿಂದೆ ಸರಿಯದಂತೆ ನಿಲ್ಲಿಸುತ್ತೇನೆ ಎಂಬ ಜಂಬ ಬೇರೆ ಇತ್ತು.

ಈ ಬಗೆಯ ಗೇರ್‌ಬಾಕ್ಸಿನಲ್ಲಿ ಕ್ಲಚ್ಚಿನ ಬದಲು ಎಣ್ಣೆಯ ಡಬ್ಬಿಯೊಳಗೆ ಎದುರುಬದುರು ಎರಡು ಪಂಖಗಳಿರುತ್ತವೆ. ಒಂದನ್ನು ಇಂಜಿನ್ನು ತಿರುಗಿಸುತ್ತದೆ, ಅದು ಎಣ್ಣೆಯನ್ನು ತಳ್ಳುತ್ತದೆ, ಆ ಎಣ್ಣೆ ಇನ್ನೊಂದನ್ನು ತಿರುಗಿಸಿ ಚಕ್ರಗಳಿಗೆ ಬಲ ಕೊಡುತ್ತದೆ. ಕಂಪ್ಲಿಯಂಥ ಸಮದಾರಿಯಲ್ಲಿ ಎರಡೂ ಕೊಂಡಿ ಹಾಕಿಕೊಂಡು ಒಟ್ಟಿಗೇ ತಿರುಗುತ್ತವೆ, ಎಣ್ಣೆಗೆ ತ್ರಾಸಿಲ್ಲ. ಚಕ್ರ ನಿಂತಿರುವಾಗ ಆಕ್ಸಿಲರೇಟರ್ ಒತ್ತಿ ಹಿಡಿದರೆ ಇಂಜಿನ್ನಿನ ಬಲವೆಲ್ಲ ಎಣ್ಣೆಯನ್ನು ಕಡೆಯುವುದಕ್ಕೇ ಖರ್ಚಾಗುತ್ತದೆ. ಕಡೆದರೆ ಬೆಣ್ಣೆ ಬರುವುದಿಲ್ಲ, ಬರೀ ಕಾವು ಬರುತ್ತದೆ. ಇದು ನನಗೆ ಗೊತ್ತಿರದ ವಿಷಯವಲ್ಲ. ನಮ್ಮ ಘಟಕದಲ್ಲೂ ಮುಂದಿನ ವಾಲ್ವ್ ಮುಚ್ಚಿಟ್ಟು ಪಂಪು ಓಡಿಸಿದರೆ ಒಳಗಿನ ನೀರು ಕುದಿಯುತ್ತದೆ. ಹಾಗೆ ಮಾಡಿದ ಆಪರೇಟರುಗಳಿಗೆ ನಾನು ಎಷ್ಟು ಸಲ ಚಳಿ ಬಿಡಿಸಿದ್ದೇನೋ ಲೆಕ್ಕವಿಲ್ಲ. ಕಾವನ್ನು ತೆಗೆಯುವುದು ಹೇಗೆ ಎಂದು ಒಂದು ತಿಂಗಳು ಒದ್ದಾಡಿದೆ. ಕಾವು ಎಲ್ಲಿಂದ ಬರುತ್ತಿದೆ ಎಂದು ಕೇಳಿಕೊಳ್ಳಲಿಲ್ಲ.

ಕಾಲು ಯಾಕೆ ಹಾಗೆ ಮಾಡುತ್ತಿತ್ತು ಎಂಬುದೂ ಅಲ್ಲೇ ಕೂತಾಗ ತಿಳಿಯಿತು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಹಟ ಹಿಡಿದು ಡ್ರೈವಿಂಗ್ ಕಲಿಯಲು ಹೋಗಿದ್ದೆ, ಕ್ಲಚ್ ಇದ್ದ ಗಾಡಿಯಲ್ಲಿ. ಅಣ್ಣ ಹಿಂದಿನ ಸೀಟಿನಲ್ಲಿದ್ದ. ಹಂಪಿ ದಾರಿಯ ಒಂದು ಏರಿನಲ್ಲಿ ಎಡಗಾಲು ಸೋತು, ಗಾಡಿ ಹಿಂದಕ್ಕೆ ಉರುಳಿ ಎಳನೀರಿನ ಗಾಡಿಗೆ ಗುದ್ದಿತು. ಯಾರಿಗೂ ಪೆಟ್ಟಾಗಲಿಲ್ಲ. ಎಳನೀರುಗಳು ರಸ್ತೆಯ ಉದ್ದಕ್ಕೂ ಉರುಳಿದವು, ಜನ ಸೇರಿದರು, ಎಲ್ಲರ ಕಣ್ಣೂ ನನ್ನ ಕಾಲಿನ ಕಡೆಗೆ. ಕಲಿಸುವವರು ನನ್ನನ್ನು ಬಿಟ್ಟು ಅಣ್ಣನಿಗೆ, ಇಂಥವರಿಗೆ ಗಾಡಿ ಯಾಕ್ರಿ ಎಂದರು. ಅಣ್ಣ ತಲೆ ತಗ್ಗಿಸಿ ಎಳನೀರು ಹೆಕ್ಕತೊಡಗಿದ. ಅಂದಿನಿಂದ ನನ್ನ ಮೈಗೆ ಜಗತ್ತಿನಲ್ಲಿ ಯಾವುದರ ಭಯವೂ ಇಲ್ಲ, ಹಿಂದಕ್ಕೆ ಜಾರುವುದೊಂದನ್ನು ಬಿಟ್ಟು. ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರಿಗೆ ಇಡುವ ಆ ಒಂದು ಕ್ಷಣ ಗಾಡಿಯನ್ನು ಯಾರೂ ಹಿಡಿದಿರುವುದಿಲ್ಲ. ಏರಿನಲ್ಲಿ ತಾನೇ ಹಿಡಿದುಕೊಳ್ಳುವ ವ್ಯವಸ್ಥೆ ನನ್ನ ಹಳೆಯ ಗಾಡಿಯಲ್ಲಿಲ್ಲ. ಆ ಕ್ಷಣವೇ ಬೇಡವೆಂದು ನನ್ನ ಕಾಲು ತೀರ್ಮಾನಿಸಿತ್ತು.

ಸಾಲು ಕದಲುವ ಸೂಚನೆ ಇರಲಿಲ್ಲ. ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದೆ. ಕಾವು ನೂರೆಂಟಿತ್ತು, ನೂರೈದಾಯಿತು, ತೊಂಬತ್ತೆಂಟಾಯಿತು. ಆ ಪುಟ್ಟ ಕೂಲರ್ ತನ್ನ ಕೆಲಸ ಮಾಡುತ್ತಲೇ ಇತ್ತು, ಪಾಪ. ಮುಂದಿನ ಲಾರಿ ಹೊರಟಿತು. ಹಿಂದಿನ ಡ್ರೈವರ್ ಎರಡು ಗಾಡಿಯಷ್ಟು ಜಾಗ ಬಿಟ್ಟು ನಿಂತಿದ್ದನ್ನು ಕನ್ನಡಿಯಲ್ಲಿ ನೋಡಿಕೊಂಡೆ. ಹ್ಯಾಂಡ್‌ಬ್ರೇಕ್ ಎಳೆದು ಹೊರಡುವ ಉಪಾಯವೂ ಇತ್ತು, ಬೇಕೆಂದೇ ಎಳೆಯಲಿಲ್ಲ. ಎಷ್ಟು ಜಾರುತ್ತದೋ ಜಾರಲಿ, ನೋಡೇಬಿಡೋಣ ಎಂದು ಕಾಲೆತ್ತಿದೆ. ಗಾಡಿ ಹಿಂದಕ್ಕೆ ಸರಿಯಿತು. ಅಷ್ಟರಲ್ಲಿ ಕಾಲು ಆಕ್ಸಿಲರೇಟರಿಗೆ ತಲುಪಿತು, ಗಾಡಿ ಮುಂದಕ್ಕೆ ಹೊರಟಿತು. ಜಾರಿದ್ದು ಹೆಚ್ಚೆಂದರೆ ನಾಲ್ಕು ಬೆರಳು. ಇಷ್ಟು ವರ್ಷ ನಾನು ಹೆದರಿದ್ದು ಆ ನಾಲ್ಕು ಬೆರಳಿಗೆ. ಘಾಟಿ ಇಳಿಯುವ ತನಕ ಅಳುತ್ತಲೇ ಓಡಿಸಿದೆ. ದುಃಖಕ್ಕಲ್ಲ, ನನ್ನ ಮೇಲಿನ ಸಿಟ್ಟಿಗೆ.

ಮರುದಿನ ಬೆಳಿಗ್ಗೆ ಮೆಕ್ಯಾನಿಕ್ಕರ ಶೆಡ್ಡಿಗೆ ಹೋಗಿ ಎಲ್ಲ ಹೇಳಿದೆ. ಗಿರಾಕಿಗಳ ಎದುರಿಗೆ ಬೈದಿದ್ದೆ, ಗಿರಾಕಿಗಳ ಎದುರಿಗೇ ತಪ್ಪಾಯಿತು ಎಂದೆ. ಅವರಿಗೆ ಮೊದಲಿನಿಂದಲೂ ಅದೇ ಅನುಮಾನವಿತ್ತಂತೆ. ಕೊಯ್ಲಿನ ಯಂತ್ರದ ಹೊಸ ಡ್ರೈವರುಗಳೂ ಹೀಗೇ ಮಾಡುತ್ತಾರಂತೆ. ನೋಡದೆ ಹೇಳಿದರೆ ನಿಮಗೆ ನೋವಾಗುತ್ತಿತ್ತು ಎಂದರು. ಎಣ್ಣೆ ಬದಲಾಯಿಸಿ, ಪ್ಲೇಟುಗಳು ಇನ್ನೂ ಜೀವ ಹಿಡಿದುಕೊಂಡಿವೆ, ಆದರೆ ಇನ್ನೊಂದು ಸಲ ಕಾಯಿಸಬೇಡಿ ಎಂದು ಎಚ್ಚರಿಸಿದರು.

ಶನಿವಾರ ಅಣ್ಣನಿಗೆ, ಸಂಡೂರಿಗೆ ಹೋಗಿ ಬರೋಣ, ನನ್ನ ಪಕ್ಕದಲ್ಲಿ ಕೂತುಕೋ ಎಂದೆ. ಅವನು ನಂಬದೆ ಎರಡು ಸಲ ಕೇಳಿದ. ವಾಪಸು ಬರುವಾಗ ಏರಿನಲ್ಲಿ ಸಾಲು ನಿಂತಿತ್ತು. ನಾನು ಬ್ರೇಕ್ ಒತ್ತಿ ನಿಂತೆ. ನಿರೀಕ್ಷಿಸಿದಂತೆ ಅವನ ಕಣ್ಣು ಮೆಲ್ಲಗೆ ನನ್ನ ಕಾಲಿಗೆ ಇಳಿಯಿತು. ನೋಡು ಎಂದೆ. ಸರಿಯಾಗಿ ನೋಡು, ಈಗ ಈ ಕಾಲು ಅಲ್ಲಿಂದ ಇಲ್ಲಿಗೆ ಬರುತ್ತದೆ, ಅಷ್ಟರಲ್ಲಿ ಗಾಡಿ ನಾಲ್ಕು ಬೆರಳು ಜಾರುತ್ತದೆ, ಹೆದರಬೇಡ ಎಂದೆ. ಕಾಲೆತ್ತಿದೆ. ಗಾಡಿ ಜಾರಿದ ಕೂಡಲೇ ಅವನು ಎರಡೂ ಕೈಯಲ್ಲಿ ಬಾಗಿಲ ಹಿಡಿಕೆ ಹಿಡಿದುಕೊಂಡ, ಕಣ್ಣು ಮುಚ್ಚಿದ. ಗಾಡಿ ಏರಿತು. ಅವನ ಬೆರಳುಗಳು ಹಿಡಿಕೆಯಲ್ಲೇ ಇದ್ದವು. ಜಾರುವ ಭಯ ನನ್ನೊಬ್ಬಳದೇ ಎಂದು ಇಷ್ಟು ವರ್ಷ ತಿಳಿದಿದ್ದೆನಲ್ಲ ಎಂದು ಅವನ ಮೇಲೆ ಎಂದೂ ಬಾರದಷ್ಟು ಅಕ್ಕರೆ ಬಂತು.

ಹತ್ತಿಪ್ಪತ್ತು ಸಲ ನಿಂತು, ಹತ್ತಿಪ್ಪತ್ತು ಸಲ ಹೊರಟೆವು. ಕೊನೆಕೊನೆಗೆ ಅವನು ಹಿಡಿಕೆ ಬಿಟ್ಟು ಕಿಟಕಿಯ ಹೊರಗೆ ಗುಡ್ಡ ನೋಡುತ್ತಿದ್ದ. ಕಾವು ತೊಂಬತ್ತೆರಡರಲ್ಲಿ ನಿಂತಿತ್ತು. ಘಾಟಿಯ ನೆತ್ತಿ ದಾಟಿದ ಮೇಲೆ ಅವನ ಫೋನ್ ಹೊಡೆದುಕೊಂಡಿತು. ಕಂಪ್ಲಿಯ ಗಿರಣಿಯವರು, ನಾಳೆ ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಲು. ನಾನು ದಾರಿಯಿಂದ ಕಣ್ಣು ತೆಗೆಯಲಿಲ್ಲ. ಕೊಟ್ಟ ಮಾತು ನನ್ನದು, ತೀರ್ಮಾನ ಅವನದು.

"ಬರಬ್ಯಾಡ್ರಿ," ಅಂದ ಅಣ್ಣ. "ಗಾಡಿ ಕೊಡಂಗಿಲ್ಲ. ನನ್ನ ತಂಗಿ ಓಡಸ್ತಾಳ."